ನನ್ನ ಪಾಲಿಗೆ ಬಂದ ಸಣ್ಣ ದೇಶ

ಬೆಳಿಗ್ಗೆ ರೊಟ್ಟಿ ಸೀದ ವಾಸನೆ ಬಂದಾಗ ನಾನು ಹೆಂಚು ಮರೆತು ಟಿ.ವಿ. ಮುಂದೆ ನಿಂತಿದ್ದೆ. ಸಮುದ್ರದಾಚೆಯ ಸಣ್ಣ ನಾಡೊಂದರ ಜನ, ದೊಡ್ಡ ದೇಶದಿಂದ ಬೇರೆಯಾಗಬೇಕೋ ಬೇಡವೋ ಎಂದು ಓಟು ಹಾಕಲು ಸಾಲುಗಟ್ಟಿದ್ದರು. ಸಾಲಿನಲ್ಲೊಬ್ಬ ಮುದುಕಿ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಮುಷ್ಟಿಯಷ್ಟು ದೇಶ, ಬ್ಯಾರೆ ಆಗಿ ಏನ್ ಮಾಡ್ತದ?" ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಲೋಕದ ಪಂಚಾಯ್ತಿಗಳೆಲ್ಲ ಒಂದು ರೊಟ್ಟಿ ಬೇಯುವಷ್ಟರಲ್ಲಿ ಮುಗಿಯುತ್ತವೆ. ನಾನು ಒಳಗೆ ಹೋಗಿ ಸೀದ ರೊಟ್ಟಿ ತೆಗೆದೆ. ನಿಮಗೆ ಹೇಳುತ್ತೇನೆ ಕೇಳಿ, ಈ ವಾದವನ್ನು ನಾನೊಮ್ಮೆ ಮಾಡಿದ್ದೇನೆ.

ಹುಮನಾಬಾದಿನ ಕಾನ್ವೆಂಟಿನಲ್ಲಿ ಒಂಬತ್ತನೆಯ ತರಗತಿ. ಸಣ್ಣ ದೇಶ ದೊಡ್ಡದರಿಂದ ಸ್ವತಂತ್ರವಾಗಬೇಕೇ ಎಂಬ ಚರ್ಚಾಸ್ಪರ್ಧೆ, ಇಂಗ್ಲಿಷಿನಲ್ಲಿ. ಕನ್ನಡ ಬಾಯಿಗೆ ಬಂದರೆ ಬಹುಮಾನದ ಆಸೆ ಬಿಟ್ಟಂತೆಯೇ. ಸಿಸ್ಟರ್ ನನ್ನನ್ನು 'ಬೇಕು' ಎನ್ನುವ ಕಡೆ ಹಾಕಿದರು. ಇಂಗ್ಲಿಷಿನ ಗಂಧವಿಲ್ಲದ ನನ್ನ ಅಜ್ಜಿ, ಆಯಿ, ಇಳಕಲ್ ಸೀರೆಯುಟ್ಟು ಮುಂದಿನ ಬೆಂಚಿನಲ್ಲೇ ಕೂತಳು. ಆಯಿಯ ತವರು ಗೋರ್ಟಾ. ನಿಜಾಮನ ಕಾಲದಲ್ಲಿ, ಅವನ ಪರ ನಿಂತ ರಜಾಕಾರರು ಊರಿಗೆ ನುಗ್ಗಿದಾಗ ಅಣ್ಣನನ್ನು ಕಳೆದುಕೊಂಡವಳು.

ಮೊದಮೊದಲು ನನ್ನದು ಬಹಳ ಜೋರು. ಬೇರೆಯಾಗುತ್ತೇನೆಂದ ಯಾವ ಸಣ್ಣ ರಾಜ್ಯವನ್ನೂ ತಡೆಯಬಾರದು ಎಂದುಬಿಟ್ಟೆ. ಬೇರೆ ಸೀಮೆಯಲ್ಲಾಗಿದ್ದರೆ ಆ ಮಾತು ಚಪ್ಪಾಳೆಯಲ್ಲಿ ದಾಟಿಹೋಗುತ್ತಿತ್ತು. ಇಲ್ಲಿ, ಎದುರು ಪಕ್ಷದ ವಕೀಲರ ಮಗಳು ನಿಧಾನವಾಗಿ ಎದ್ದು ಕೇಳಿದಳು: ಹಿಂದುಸ್ತಾನಕ್ಕೆ ಸೇರದೆ ಸ್ವತಂತ್ರನಾಗಿರುತ್ತೇನೆ ಎಂದು ನಿಜಾಮನೂ ಹೇಳಿದ್ದನಲ್ಲ, ಬಿಡಬೇಕಿತ್ತೇ?

ನಿಜಾಮ ಎಂಬ ಆ ಒಂದು ಶಬ್ದ ಮಾತ್ರ ಆಯಿಗೆ ತಿಳಿದಿತ್ತು. ಸೆರಗು ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿದಳು. ಹೌದೆಂದರೆ ಆಕೆಯ ಅಣ್ಣನಿಗೆ ದ್ರೋಹ. ಇಲ್ಲವೆಂದರೆ ನನ್ನ ವಾದವೇ ನೆಲಕ್ಕೆ. ಬಾಯಿಪಾಠದ ಇಂಗ್ಲಿಷಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಬಿಡಬಾರದಿತ್ತು," ಎಂದೆ, ಮನೆಯ ಕನ್ನಡದಲ್ಲೇ. "ಬ್ಯಾರೆ ಇರ್ತೀನಿ ಅಂದಾವ ರಾಜ. ಇಲ್ಲಿ ಬಾಳೋ ಮಂದಿಗಿ ಯಾರೂ ಕೇಳಿಲ್ಲ. ನಮ್ಮ ಆಯಿಗಿ ಕೇಳಿಲ್ಲ, ಆಕಿ ಅಣ್ಣಗ ಕೇಳಿಲ್ಲ. ಮಂದಿಗಿ ಕೇಳ್ರಿ. ಕೂಡಿ ಇರ್ತೀವಿ ಅಂದ್ರ ಇರ್ಲಿ, ಬ್ಯಾರೆ ಆಗ್ತೀವಿ ಅಂದ್ರ ಆಗ್ಲಿ. ದೇಶ ಸಣ್ಣದು ಅಂತ ಅವರ ಮಾತು ಸಣ್ಣದಾಗಲ್ಲ."

ಬಹುಮಾನದ ಕಪ್ ವಕೀಲರ ಮಗಳ ಕೈಗೆ ಹೋಯಿತು. ಮನೆಗೆ ಮರಳುವ ಬಸ್ಸಿನಲ್ಲಿ ಆಯಿ ಪಕ್ಕದ ಹೆಂಗಸಿಗೆ ಹೇಳುತ್ತಿದ್ದಳು, "ನಮ್ ಹುಡುಗಿ ಇವತ್ತ ನಿಜಾಮಗ ಜವಾಬು ಕೊಟ್ಟಾಳ್ರಿ."

"ಇನಾಮು ಬಂತೇನ್ರಿ?"

"ಇನಾಮು ಯಾತಕ್ರಿ? ನನಗ ತಿಳಿಯಂಗ ಮಾತಾಡ್ಯಾಳ."

ಆ ದಿನ ಸೀಟಿನಲ್ಲಿ ನಾನೆಷ್ಟು ನೆಟ್ಟಗೆ ಕೂತಿದ್ದೆ ಎಂದರೆ, ಇಳಿಯುವ ಹೊತ್ತಿಗೆ ಬೆನ್ನು ನೋಯುತ್ತಿತ್ತು.

ಈಗ ಒಲೆ ಆರಿಸಿ ಹೊರಗೆ ಬಂದೆ. "ಏನ್ರಿ, ಅಲ್ಲಿ ಮಂದಿ ಬ್ಯಾರೆ ಆಗ್ತೀವಿ ಅಂತ ಓಟು ಹಾಕಿದ್ರ, ಆಗಬೇಕು ನೋಡ್ರಿ."

ಮನೆಯವರು ಪೇಪರು ಇಳಿಸಿ ನಕ್ಕರು. "ನಿನಗ್ ಯಾರ್ ಕೇಳ್ಯಾರ?"

"ಯಾರೂ ಕೇಳಿಲ್ರಿ," ಎಂದೆ. "ಅದಕ್ಕೇ ಹೇಳಾಕತ್ತೇನಿ."