ಗಿನ್ನಿಯ ಮೇಲಿನ ಆನೆ

ಹುಣಸೆಹಣ್ಣಿನಿಂದ ತಿಕ್ಕಬಹುದಿತ್ತು. ಪಂಚಾಮೃತದಲ್ಲಿ ಮುಳುಗಿಸಬಹುದಿತ್ತು. ದೀಪ ಉರುಳಬಹುದಿತ್ತು, ಕಾಯಿ ಒಡೆಯುವಾಗ ಚೂರು ಸಿಡಿಯಬಹುದಿತ್ತು, ಪ್ರಸಾದವೆಂದು ಯಾರಾದರೂ ಸೆರಗಿಗೆ ಕಟ್ಟಿಕೊಂಡು ಹೋಗಬಹುದಿತ್ತು. ಇಷ್ಟೆಲ್ಲ ತಪ್ಪಿ, ಕೊನೆಗೆ ನಾಣ್ಯವೇ ಖೋಟಾ ಎಂದು ಗೊತ್ತಾಗಬಹುದಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ನನ್ನ ತಲೆಯಲ್ಲಿ ಇದ್ದದ್ದು ಇದೇ. ಮಂತ್ರ ಒಂದೂ ಇರಲಿಲ್ಲ.

ಹಳೇ ಇಂಗ್ಲಿಷ್ ಬಂಗಾರದ ನಾಣ್ಯ ಕೂಡಿಸುವವರಿಗೆ ಮೊದಲ ಪಾಠ: ತೊಳೆಯಬೇಡ, ಒರೆಸಬೇಡ. ಮುನ್ನೂರು ಚಿಲ್ಲರೆ ವರ್ಷದಿಂದ ಕೂತ ಮಂಕೇ ಅದರ ಮಾನ. ಅಂಥದೇ ನಾಣ್ಯವಾದ ನನ್ನ ಗಿನ್ನಿಯಲ್ಲಿ ರಾಜನ ಕತ್ತಿನ ಕೆಳಗೆ ಜೋಳದ ಕಾಳಿಗಿಂತ ಚಿಕ್ಕದೊಂದು ಆನೆ ಇತ್ತು, ಆಫ್ರಿಕದಿಂದ ಬಂಗಾರ ತಂದ ಕಂಪನಿಯ ಗುರುತು. ಮರುದಿನ ಕೋಥ್ರೂಡ್ ಬಡಾವಣೆಯ ಹಿರಿಯ ಮರಾಠಿ ಸಂಗ್ರಾಹಕರೊಬ್ಬರು ಅದನ್ನು ನೋಡಿ, ಮನಸ್ಸಿಗೆ ಬಂದರೆ, ನಾನು ವರ್ಷಗಟ್ಟಲೆ ಆಸೆಪಟ್ಟ ರಾಣಿಯ ಮುಖದ ಗಿನ್ನಿಯನ್ನು ಬದಲಿಗೆ ಕೊಡುವವರಿದ್ದರು. ತಿಕ್ಕಿದ ಗುರುತು ಕಂಡರೆ ಮಾತು ಮುಗಿಯಿತು.

ಧಾರವಾಡದಿಂದ ಹಬ್ಬಕ್ಕೆ ಬಂದಿದ್ದ ಅಪ್ಪನ ತಂಗಿಗೆ, ನಮ್ಮ ಅತ್ಯಾಗೆ, ಅದನ್ನು ಭೂತಗನ್ನಡಿಯಲ್ಲಿ ತೋರಿಸಿದ್ದು ನನ್ನದೇ ಒಣಜಂಬ.

"ಏ ತಮ್ಮಾ, ಆನಿ ಅದಲ್ಲೋ! ಇದು ಗಜಲಕ್ಷ್ಮಿ. ಪೂಜಾಕ್ಕ ಇಡೂದು ಬಿಟ್ಟು ಕಪಾಟಿನ್ಯಾಗ ಇಡ್ತಾರೇನು?"

"ಅತ್ಯಾ, ಅಂವ ಲಂಡನ್ನಿನ ರಾಜಾರೀ."

"ಇರಲೇಳು. ಆನಿ ಮ್ಯಾಲೇ ಇದ್ದಾನಲ್ಲ."

ಕಡೆಗೆ ಒಪ್ಪಂದವಾಯಿತು: ರೇಷ್ಮೆ ಬಟ್ಟೆಯ ಮೇಲಷ್ಟೇ ಇಡುವುದು, ಯಾರೂ ಮುಟ್ಟಬಾರದು, ನೀರು-ಹಾಲು ಸೋಂಕಬಾರದು. ನಾನು ಪಕ್ಕದಲ್ಲೇ ಕೂತೆ.

"ಪೊಲೀಸರ ಗತೆ ನೋಡಬ್ಯಾಡ್ರಿ, ಲಕ್ಷ್ಮಿ ಎದ್ದು ಹೋಗ್ಯಾಳು," ಎಂದು ಹೆಂಡತಿ ಚುಚ್ಚಿದಳು.

ಅತ್ಯಾನ ಹುಣಸೆಹಣ್ಣಿನ ಬಟ್ಟಲು ಪೂಜೆಗಿಟ್ಟ ಬೆಳ್ಳಿ ನಾಣ್ಯಗಳ ತನಕ ಬಂದು ನಿಂತಿತು. ನಾನು ಗಿನ್ನಿಯ ಮುಂದೆ ಅಂಗೈ ಅಡ್ಡ ಹಿಡಿದೆ. ಅಷ್ಟರಲ್ಲಿ ಗಾಳಿ ಬೀಸಿ ದೀಪ ಬಾಗಿತು. ಓಡಿಹೋಗಿ ಕಿಟಕಿ ಮುಚ್ಚಿ ಬಂದೆ. ಆರತಿ ಮುಗಿದದ್ದೇ ತಡ, ಕಣ್ಣಿಟ್ಟು ನೋಡುವ ಧೈರ್ಯವಾಗದೆ, ಅಂಚು ಹಿಡಿದೆತ್ತಿ ಡಬ್ಬಿಗೆ ಹಾಕಿದೆ.

ಮರುದಿನ ಸಂಗ್ರಾಹಕರು ಡಬ್ಬಿ ತೆರೆದರು. ತೂಗಿದರು, ಅಂಚು ನೋಡಿದರು, ಮತ್ತೆ ಭೂತಗನ್ನಡಿ ಹಿಡಿದರು. ಹಿಡಿದವರು ಹುಬ್ಬು ಗಂಟಿಕ್ಕಿದರು.

"ಅಸಲೀ ಆಹೆ," ಎಂದು ಕೊನೆಗೆ ರಾಣಿಯ ಗಿನ್ನಿಯನ್ನು ನನ್ನತ್ತ ಸರಿಸಿದರು. ಆಮೇಲೆ ನಗು ತಡೆಯಲಾರದೆ, ಈ ಆನೆಗೆ ಕುಂಕುಮ ಇಟ್ಟವರು ಯಾರು ಎಂದು ಮರಾಠಿಯಲ್ಲಿ ಕೇಳಿದರು.

ಬಗ್ಗಿ ನೋಡಿದೆ. ಅತ್ಯಾ ಊದಿನಕಡ್ಡಿಯ ತುದಿಯಿಂದಲೇ ಇಟ್ಟಿರಬೇಕು, ನಾನು ಕಿಟಕಿ ಮುಚ್ಚಲು ಹೋದ ಅಷ್ಟೇ ಹೊತ್ತಿನಲ್ಲಿ. ರಾಜನಿಗೆ ಒಂದಿಷ್ಟೂ ತಾಗದಂತೆ, ಆನೆಯ ನೆತ್ತಿಯ ಮೇಲೆ, ಸಾಸಿವೆಯ ಚೂರಿನಷ್ಟು ಕೆಂಪು.