ಅಕ್ಕನ ಅಡ್ಡಿಕೆ, ನನ್ನ ಕೊರಳು

ನಮ್ಮ ವಂಶಕ್ಕೇ ಮೊದಲ ಬಿ.ಎಸ್‌ಸಿ. ಆದ ನಾನು ಕೆಲವು ತಿಂಗಳು ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅಕ್ಕನ ಅಡ್ಡಿಕೆಯನ್ನು, ಹೆಂಗಸರು ಕತ್ತಿಗೊತ್ತಿ ಹಾಕುವ ಆ ಚಿನ್ನದ ಪಟ್ಟಿಯನ್ನು, ಕೊರಳಿಗೆ ಕಟ್ಟಿ ನೋಡಿಕೊಳ್ಳುತ್ತಿದ್ದೆ. ನಗುವವರು ನಕ್ಕುಬಿಡಿ. ನನಗೆ ಆಗ ನಗು ಬರುತ್ತಿರಲಿಲ್ಲ.

ಬೆಂಗಳೂರಿನ ಮಗ್ಗುಲ ವಿಜಯಪುರದ ಹತ್ತಿರದ ನಮ್ಮೂರಲ್ಲಿ ಮಗಳು ತವರಿಗೆ ಬಂದರೆ ತಾಯಿ ಅವಳ ಮದುವೆಯ ಅಡ್ಡಿಕೆ ಹಾಕಿ ನೋಡುತ್ತಿದ್ದಳು. ಕೊರಳಿಗೆ ಬಿಗಿಯಾದರೆ ಗಂಡನ ಮನೆಯಲ್ಲಿ ಊಟ ಚೆನ್ನಾಗಿದೆ ಎಂದರ್ಥ. ಸಡಿಲವಾದರೆ ಬೀಗರ ಮೇಲೆ ಅನುಮಾನ. ಅಕ್ಕ ನಂಜಮ್ಮನಿಗೆ ಅದು ಪ್ರತಿ ಸಲವೂ ಇನ್ನಷ್ಟು ಬಿಗಿಯಾಗಿ, ಕೊನೆಗೆ ಕೊಕ್ಕೆಯೇ ಕೂಡದೆ ತವರಿನ ಪೆಟ್ಟಿಗೆ ಸೇರಿತು. ಅವ್ವ ಊರೆಲ್ಲ ಹೇಳಿಕೊಂಡು ಬಂದಳು. ಅಕ್ಕ ಮಾತ್ರ ಬೇಸಿಗೆಯಲ್ಲೂ ಕಂಬಳಿ ಹೊದ್ದು, ಕೂತಲ್ಲೇ ತೂಕಡಿಸುತ್ತಿದ್ದಳು.

ನಾನು ಊರಿಂದ ದಿನಾ ಬಸ್ಸಿನಲ್ಲಿ ಹೋಗಿ ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಅವಳನ್ನು ಅಲ್ಲಿಗೆ ಕರೆದೊಯ್ದೆ. ರೋಗಾಣುಗಳ ಮೇಲೆ ಬೀಳಬೇಕಾದ ಮೈಕಾವಲು ಅವಳ ಕೊರಳಿನ ಥೈರಾಯ್ಡ್ ಗ್ರಂಥಿಯ ಮೇಲೇ ತಿರುಗಿಬಿದ್ದು, ಅದಕ್ಕೇ ಕೊರಳು ಊದಿದೆ ಎಂದು ಡಾಕ್ಟರಿಗೆ ಗುಮಾನಿ. ಅದನ್ನು ಪತ್ತೆ ಮಾಡುವ ಪರೀಕ್ಷೆ ಆಗಷ್ಟೇ ನಮ್ಮಲ್ಲಿಗೆ ಬಂದಿತ್ತು. ಕುರಿಯ ರಕ್ತಕಣಗಳಿಗೆ ಗ್ರಂಥಿಯ ಪ್ರೋಟೀನು ಸವರಿ, ತಟ್ಟೆಯ ಸಣ್ಣ ಗುಳಿಗಳಲ್ಲಿ ರೋಗಿಯ ರಕ್ತದ ತಿಳಿಯೊಂದಿಗೆ ಬೆರೆಸಬೇಕು. ತಿಳಿಯಲ್ಲಿ ಗ್ರಂಥಿಯ ಮೇಲೆ ಬೀಳುವ ಪ್ರತಿಕಾಯಗಳಿಲ್ಲದಿದ್ದರೆ ಕಣಗಳು ಗುಳಿಯ ತಳದಲ್ಲಿ ಚುಕ್ಕಿಯಾಗಿ ಕೂರುತ್ತವೆ. ಇದ್ದರೆ ಒಂದಕ್ಕೊಂದು ಅಂಟಿ ಚಾಪೆಯಂತೆ ಹರಡುತ್ತವೆ. ಹೋಲಿಸಿ ನೋಡಲು ಆರೋಗ್ಯವಂತನ ರಕ್ತವೂ ಬೇಕು. ಮುದ್ದೆ ತಿಂದು ಬೆಳೆದ ಮೈ, ನನಗಿಂತ ಆರೋಗ್ಯವಂತ ಯಾರೆಂದು ತೋಳು ಚಾಚಿದೆ.

ಅಕ್ಕನ ಗುಳಿಯಲ್ಲಿ ಚಾಪೆ. ನನ್ನದರಲ್ಲೂ ಚಾಪೆ. ಅಕ್ಕನದಕ್ಕಿಂತ ಪೇಲವ, ಆದರೆ ಚಾಪೆಯೇ. ಮತ್ತೆ ಮಾಡಿದೆ, ಮತ್ತೆ ಚಾಪೆ.

"ಆರೋಗ್ಯವಾಗಿರೋರಲ್ಲೂ ಕೆಲವರಿಗೆ ಇರುತ್ತೆ ಕಣಯ್ಯಾ. ಎಷ್ಟೋ ಜನಕ್ಕೆ ಕಡೇವರೆಗೂ ಏನೂ ಆಗಲ್ಲ" ಅಂದರು ಡಾಕ್ಟರು. ನನ್ನ ತಲೆಯಲ್ಲಿ ಉಳಿದದ್ದು, ಅವರು ಹೇಳದೆ ಬಿಟ್ಟ ಮಿಕ್ಕವರು. ಓದದವನಿಗೆ ರೋಗ ಬಂದ ಮೇಲೆ ಭಯ, ಓದಿದವನಿಗೆ ಮುಂಚಿತವಾಗಿಯೇ. ಚಳಿಗಾಲದಲ್ಲಿ ಚಳಿಯಾದರೂ ಅಕ್ಕನ ಕಂಬಳಿ ನೆನೆದು ಬೆವೆತೆ. ಬಸ್ಸಿನಲ್ಲಿ ತೂಕಡಿಕೆ ಬಂದರೆ ಬೆಚ್ಚಿ ಎದ್ದೆ. ಹೆಣ್ಣು ನೋಡಿ ಒಪ್ಪಿ ಬಂದಿದ್ದೆ, ಮುಹೂರ್ತವನ್ನು ಮುಂದೂಡುತ್ತಲೇ ಹೋದೆ. ಕಾರಣ ಯಾರಿಗೂ ಹೇಳಲಿಲ್ಲ. ಪದವೀಧರನ ಪಾಲಿಗೆ ಉಳಿದದ್ದು ಅವ್ವನ ವಿದ್ಯೆ, ಪೆಟ್ಟಿಗೆಯಲ್ಲಿದ್ದ ಅಡ್ಡಿಕೆ. ಒಳಗೆ ಬೆರಳು ತೂರಿದರೆ ಆ ದಿನ ಬದುಕಿದೆ.

ಮಾತ್ರೆ ನುಂಗಿ ನುಂಗಿ ಅಕ್ಕನ ಕೊರಳು ಇಳಿಯಿತು. ಅಡ್ಡಿಕೆ ಕೇಳಲು ತವರಿಗೆ ಬಂದವಳು ನನ್ನ ಕೋಣೆಯ ಬಾಗಿಲು ತಳ್ಳಿದಳು. ಅಂದು ಅಗುಳಿ ಸರಿಯಾಗಿ ಬಿದ್ದಿರಲಿಲ್ಲ.

"ಏನ್ಲಾ ಇದು, ಮದ್ವೆ ಹೆಣ್ಣಿನ ಥರ?"

ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನಗಲಿಲ್ಲ. ಕೊಕ್ಕೆ ಬಿಚ್ಚಿ ಅಡ್ಡಿಕೆ ತೆಗೆದುಕೊಂಡಳು.

"ನಂಗೆ ಬಂದಿದ್ದು ನಿಂಗೂ ಬಂದ್ರೆ, ನಾನ್ ನುಂಗೋ ಮಾತ್ರೆ ನೀನೂ ನುಂಗ್ತೀಯ. ಬರದೆ ಇರೋದಕ್ಕೆ ಆ ಹುಡುಗೀನ ಯಾಕೋ ಕಾಯಿಸ್ತೀಯ?"

ಮುಂದಿನ ವಾರವೇ ಹೋಗಿ, ಹುಡುಗಿಗೆ ಕುರಿಯ ರಕ್ತದಿಂದ ಹಿಡಿದು ಅಡ್ಡಿಕೆಯವರೆಗೆ ಒಪ್ಪಿಸಿದೆ. ಅವಳು ತಲೆ ಬಗ್ಗಿಸಿಕೊಂಡೇ ಕೇಳಿದಳು: "ಮದ್ವೇಗೆ ಅಡ್ಡಿಕೆ ಮಾಡಿಸೋದು ನಂಗೋ, ನಿಮಗೋ?"

ಅವಳಿಗೇ ಮಾಡಿಸಿದೆ. ನನ್ನ ರಕ್ತದಲ್ಲಿ ಆ ಚಾಪೆ ಈಗಲೂ ಇದ್ದೀತು. ಇರಲಿ. ಹಾಸಿದ ಚಾಪೆಯ ಮೇಲೆಲ್ಲ ರೋಗಿಯೇ ಮಲಗಬೇಕೆಂದಿಲ್ಲ.