ಹೊಳಬಸಪ್ಪ ಹಾಡದ ಆರು ರವಿವಾರ

ಪುಣೆಯ ಖಡಕಿ ಬಜಾರಿನ ಹಿಂದಿನ ಓಣಿಯಲ್ಲಿ ಹೊಳಬಸಪ್ಪ ತಗಡಿನ ಟ್ರಂಕು ಮಾಡುತ್ತಿದ್ದ. ಊರು ಗದಗದ ಹತ್ತಿರದ ಬೆಟಗೇರಿ. ಅಜ್ಜನ ಕಾಲದಲ್ಲೇ ಮನೆಯವರು ಕ್ರಿಸ್ತನನ್ನು ನಂಬಿದ್ದರು. ಹೆಸರುಗಳನ್ನು ಮಾತ್ರ ಮೊದಲಿನ ಹಾಗೆಯೇ ಇಡುತ್ತ ಬಂದಿದ್ದರು. ಮೊದಲ ಮಹಾಯುದ್ಧದ ವೇಳೆಗೆ, ಸಿಪಾಯಿಗಳಿಗೆ ಟ್ರಂಕು ಬೇಕಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದವನು ಪುಣೆಯಲ್ಲೇ ನಿಂತುಬಿಟ್ಟ. ಹದಿನೈದು ವರ್ಷ ತಗಡು ಬಡಿದು ಬಡಿದು ಅವನ ಕಿವಿ ಮಂದವಾಗಿದ್ದವು. ಹೀಗಾಗಿ ಅವನ ಮಾತೆಂದರೆ ಕೂಗು, ಹಾಡೆಂದರೆ ಇನ್ನೂ ದೊಡ್ಡ ಕೂಗು.

ದಿನಾ ಬೆಳಿಗ್ಗೆ ಸುತ್ತಿಗೆ ಎತ್ತುವ ಮೊದಲು ಅವನು ಕಣ್ಣು ಮುಚ್ಚಿ ಒಂದೇ ಮಾತು ಬೇಡಿಕೊಳ್ಳುತ್ತಿದ್ದ: “ತಂದೀ, ಇವತ್ತೊಂದು ದಿವಸ ಯಾರ ಮನಸ್ಸೂ ನೋಯಿಸದಂಗ ನನ್ನ ನಡಸು.” ನಾಳೆಯದನ್ನು ಕೇಳುತ್ತಿರಲಿಲ್ಲ. ಎದುರಿನ ಚಹಾದಂಗಡಿಯ ಸದಾನಂದ ಉಡುಪಿ ಕಡೆಯವನು. “ದೇವರಿಗೆ ಕಿವಿ ಸರಿಯೇ ಉಂಟು ಮಾರಾಯ್ರೆ, ಸ್ವಲ್ಪ ಮೆಲ್ಲಗೆ!” ಎಂದು ನಗುತ್ತಿದ್ದ.

ಚರ್ಚಿನಲ್ಲಿ ಮರಾಠಿ ಹಾಡುಗಳು. ಹೊಳಬಸಪ್ಪ ಹಿಂದಿನ ಸಾಲಿನಲ್ಲಿ ನಿಂತು, ಬೆಟಗೇರಿಯ ಉಚ್ಚಾರದಲ್ಲಿ, ಎಲ್ಲರಿಗಿಂತ ಅರ್ಧ ಸಾಲು ತಡವಾಗಿ ಹಾಡುತ್ತಿದ್ದ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ದಿಗಂಬರನೆಂಬ ತರುಣ ಮಾಸ್ತರ ಹಾಡಿನ ಹೊಣೆ ಹೊತ್ತ. ಸೊಲ್ಲಾಪುರದವನಾದ್ದರಿಂದ ಕನ್ನಡ ಬರುತ್ತಿತ್ತು. ಅವನ ಹಾರ್ಮೋನಿಯಂ ಪೆಟ್ಟಿಗೆಯನ್ನು ಮನೆಯಿಂದ ಚರ್ಚಿಗೆ ಹೊತ್ತು ತರುವ ಕೆಲಸವನ್ನು ಹೊಳಬಸಪ್ಪ ತಾನಾಗಿಯೇ ಹಿಡಿದಿದ್ದ.

ಒಂದು ರವಿವಾರ ಆರಾಧನೆ ಮುಗಿದ ಮೇಲೆ ದಿಗಂಬರ ಹತ್ತಿರ ಬಂದ. “ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ದನಿಗೆ ಎಲ್ಲಾರ ಹಾಡೂ ಕೆಡತದ. ಇನ್ನ ಮ್ಯಾಲ ಬರೇ ತುಟಿ ಅಲ್ಲಾಡಸ್ರಿ.”

ಅವನಿಗೆ ಕೇಳಲೆಂದು ಜೋರಾಗಿ ಹೇಳಿದ್ದರಿಂದ ಎಲ್ಲರಿಗೂ ಕೇಳಿತು. ಕೆಲವರು ನಕ್ಕರು.

ಮನೆಗೆ ಬಂದು ಹೆಂಡತಿ ಶಿವಗಂಗವ್ವನಿಗೆ ಹೇಳುವಾಗ ಅವನ ಕಣ್ಣು ತುಂಬಿದ್ದವು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮಾತು ಖರೇನ ಅದ್ರೀ. ನೀವು ಭಾಳ ಒದರ್ತೀರಿ. ಆದ್ರ ಅಂವಾ ಹೇಳಿದ ರೀತಿ ಚಲೋ ಇರಲಿಲ್ಲ. ಬರ್ರಿ, ಉಣ್ರಿ.”

ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ದಿಗಂಬರನ ಹೆಸರನ್ನೂ ಸೇರಿಸಬೇಕೆಂದುಕೊಂಡ. ಅದು ಬಾಯಿಗೆ ಬರಲೇ ಇಲ್ಲ. “ಆ ಪೆಟ್ಟಿಗಿ ಮಾಸ್ತರಗೂ ಒಳ್ಳೇದು ಮಾಡು,” ಎಂದು ಅಲ್ಲಿಗೇ ಮುಗಿಸಿದ. ಹೆಸರು ಹಿಡಿದು ಹೇಳಲು ಅವನಿಗೆ ಹನ್ನೊಂದು ದಿನ ಬೇಕಾಯಿತು. ಆದರೆ ರವಿವಾರದ ಕೆಲಸ ಬಿಡಲಿಲ್ಲ. ಮಳೆಯಲ್ಲಿ ಪೆಟ್ಟಿಗೆಗೆ ಗೋಣಿತಾಟು ಹೊದಿಸಿ, ತಾನು ತೊಯ್ದು ತಪ್ಪಡಿಯಾಗಿ ತಂದಿಟ್ಟು, ಹಿಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದ. ಹೀಗೆ ಆರು ವಾರ ಕಳೆದವು.

ಏಳನೆಯ ರವಿವಾರ ಪೆಟ್ಟಿಗೆ ತರಲು ಮನೆಗೆ ಹೋದ ಹೊಳಬಸಪ್ಪನನ್ನು ದಿಗಂಬರನ ತಾಯಿ ಅಂಬಾಬಾಯಿ ಬಾಗಿಲಲ್ಲೇ ತಡೆದಳು. ಎಪ್ಪತ್ತು ದಾಟಿದ ಮುದುಕಿ. ಅವಳಿಗೂ ಕಿವಿ ಅಷ್ಟಕ್ಕಷ್ಟೆ.

“ಯಾಕೋ ಯಪ್ಪಾ, ಚರ್ಚಿನ್ಯಾಗ ಹಾಡೋದು ಬಿಟ್ಟಾರೇನು? ಎಲ್ಲಾರೂ ಎದ್ದು ನಿಂದರತಾರ, ಬಾಯಿ ತಗೀತಾರ, ದನೀನ ಇಲ್ಲ! ನನಗ ಕೇಳತಿದ್ದದ್ದು ನಿನ್ನ ದನಿ ಒಂದ. ಅದನ್ನ ಹಿಡಕೊಂಡು ನಾನೂ ಹಾಡತಿದ್ದೆ.”

‘ನಿಮ್ಮ ಮಗನ್ನ ಕೇಳ್ರಿ’ ಎಂಬ ಮಾತು ಹೊಳಬಸಪ್ಪನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಪೆಟ್ಟಿಗೆಯತ್ತ ಬಾಗಿದ. ಒಳಗಿನಿಂದ ದಿಗಂಬರನೇ ಬಂದು ತಾಯಿಯ ಕಿವಿಯ ಹತ್ತಿರ ಕೂಗಿ ಹೇಳಿದ: “ನಾನ ಬ್ಯಾಡಂದಿದ್ದೆ, ಆಯಿ.”

“ನೀ ಯಾರೋ ಬ್ಯಾಡನ್ನಾಕ?”

ದಿಗಂಬರ ಹೊಳಬಸಪ್ಪನ ಎರಡೂ ಕೈ ಹಿಡಿದುಕೊಂಡ. “ತಪ್ಪಾತ್ರಿ ಕಾಕಾ.”

“ಅರ್ಧಾ ತಪ್ಪು ನಂದೂ ಅದ,” ಎಂದ ಹೊಳಬಸಪ್ಪ. “ತಾಳ ಕಲಸು, ಕಲೀತೀನಿ.”

ಅಂದು ಅವನನ್ನು ಅಂಬಾಬಾಯಿಯ ಸಾಲಿನ ಪಕ್ಕಕ್ಕೇ ನಿಲ್ಲಿಸಿದರು. ಅವನಿಗೆ ಕಾಣಲೆಂದು ದಿಗಂಬರ ತಲೆಯನ್ನು ದೊಡ್ಡದಾಗಿ ಆಡಿಸಿ ತಾಳ ಕೊಟ್ಟ. ಆದರೂ ಅವನು ಅರ್ಧ ಸಾಲು ಹಿಂದೆಯೇ ಉಳಿದ; ಮುದುಕಿ ಅವನಿಗಿಂತ ಇನ್ನರ್ಧ ಸಾಲು ಹಿಂದೆ. ಈ ಸಲ ಯಾರೂ ನಗಲಿಲ್ಲ.

ಅಂಬಾಬಾಯಿ ಮತ್ತೆ ನಾಲ್ಕು ವರ್ಷ ಹಾಡಿಕೊಂಡಿದ್ದು, ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಎರಡೂ ಮನೆಯವರು ರವಿವಾರ ಒಟ್ಟಿಗೆ ಉಣ್ಣುವುದು ವಾಡಿಕೆಯಾಯಿತು. ಹೊಳಬಸಪ್ಪ ಈ ಸಂಗತಿಯನ್ನು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ದಿಗಂಬರನೇ ಹಾಡು ಕಲಿಯಲು ಬಂದ ಹೊಸ ಮಕ್ಕಳಿಗೆಲ್ಲ, ತನ್ನ ತಪ್ಪನ್ನು ಮುಚ್ಚಿಡದೆ, ಹೇಳುತ್ತಿದ್ದ. ಮುದುಕಿ ಗದರಿಸಿದ ಕಡೆ ಬಂದಾಗ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿದ್ದರಿಂದ ಪಕ್ಕದಲ್ಲಿ ಕೂತ ಹೊಳಬಸಪ್ಪನಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಅವರು ನಗುವುದನ್ನು ಕಂಡು ತಾನೂ ನಗುತ್ತಿದ್ದ.